ಹೋಗೋ ಹುಡುಗಿ ಹೋಗುತ್ತೇನೆ ಎಂದಾಗ

ನನ್ನ ಅಂಗಡಿಗೆ ಜಂಪರ್ ಪೀಸು, ಪರಕರ, ನೈಟಿ ಕೊಳ್ಳಲು ಬರುವ ಹುಡುಗಿಯರಲ್ಲಿ ಕೆಲವರು ಬಟ್ಟೆ ಆರಿಸಿದ ಮೇಲೂ ಏಳುವುದಿಲ್ಲ. ಉಳಿದ ಗಿರಾಕಿಗಳು ಹೋಗುವವರೆಗೆ ಸ್ಟೂಲಿನ ಮೇಲೆ ಕುಳಿತು, ಮಡಿಸಿಟ್ಟದ್ದನ್ನೇ ಮತ್ತೆ ಮಡಿಸುತ್ತ, ಕಡೆಗೆ ಕೇಳುತ್ತಾರೆ: ಅಕ್ಕಾರ, ನೀವು ಮನೆ ಬಿಟ್ಟು ಹೇಗೆ ಬಂದಿರಿ? ಮನೆ ಬಿಟ್ಟು ಬಂದೆ ಎಂಬ ಮಾತು ಕಿವಿಗೆ ಬಿದ್ದರೆ ಇಂದಿಗೂ ನನ್ನ ಮೈ ಉರಿಯುತ್ತದೆ. ನನ್ನ ತಮ್ಮನ ವಾರಿಗೆಯ ಹುಡುಗರು ಇಚಲಕರಂಜಿಯ ಮಗ್ಗಕ್ಕೆ, ಕೊಲ್ಹಾಪುರದ ಫೌಂಡ್ರಿಗೆ ಹೋದಾಗ ಊರವರು ಕೆಲಸಕ್ಕೆ ಹೋದರು ಎಂದರು. ನಾನು ಬಸ್ಸಿನಲ್ಲಿ ಒಂದು ತಾಸು ದೂರದ ಚಿಕ್ಕೋಡಿಗೆ ಬಂದರೆ ಮನೆ ಬಿಟ್ಟಳು. ಮೊದಲು ಆ ಮಾತನ್ನು ತಿದ್ದುತ್ತೇನೆ, ಉಳಿದದ್ದನ್ನು ಆಮೇಲೆ ಹೇಳುತ್ತೇನೆ. ಯಾವಾಗ ಹೋಗಬೇಕು ಎಂದು ಕೇಳಿದರೆ ಉತ್ತರ ಸುಲಭ. ನಾನು ಹೋದದ್ದಕ್ಕಿಂತ ಏಳು ವರ್ಷ ಮೊದಲು.

ರಾಯಬಾಗ ತಾಲ್ಲೂಕಿನ ನಮ್ಮೂರ ಹೈಸ್ಕೂಲಿನಲ್ಲಿ ಅಪ್ಪ ಜವಾನನಾಗಿದ್ದ. ಜೊತೆಗೆ ಎರಡು ಎಕರೆ ಕಬ್ಬಿನ ಹೊಲ. ಮನೆಯಲ್ಲಿ ಅವ್ವ, ನಾನು, ನನಗಿಂತ ನಾಲ್ಕು ವರ್ಷ ಚಿಕ್ಕವನಾದ ತಮ್ಮ. ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷಕ್ಕೆ ಹಳೆಯ ಮಣ್ಣಿನ ಮನೆಯನ್ನು ಕೆಡವಿ ಇಟ್ಟಿಗೆಯ ಮನೆ ಕಟ್ಟಿಸಿದರು. ಗೋಡೆಯಲ್ಲಿ ಎಲ್ಲೆಲ್ಲಿ ಕಪಾಟು ಬಿಡಬೇಕು ಎಂದು ಗೌಂಡಿ ಕೇಳಿದಾಗ ಅಪ್ಪ ಶಾಲೆಯಿಂದ ತಂದ ಚಾಕ್‌ಪೀಸಿನಿಂದ ಗುರುತು ಹಾಕುತ್ತ ನಡೆದ. ದೇವರಿಗೊಂದು, ಅಡುಗೆಮನೆಗೆ ಎರಡು, ತಮ್ಮನ ಪುಸ್ತಕಕ್ಕೊಂದು. ನನಗೂ ಒಂದು ಬೇಕು ಎಂದೆ. ಆಗ ನನಗೆ ಇಪ್ಪತ್ತೆರಡು.

"ಹೋಗೋ ಹುಡಿಗಿಗೆ ಕಪಾಟ ಯಾಕ ಬೇ?" ಎಂದ ಅಪ್ಪ. "ಟ್ರಂಕ್ ಕೊಡಸ್ತೇನಿ ತಗೊ. ಹೊತ್ಕೊಂಡ ಹೋಗಾಕೂ ಬರತೈತಿ."

ಗೌಂಡಿಯೂ ನಕ್ಕ. ಅವ್ವನೂ ನಕ್ಕಳು. ನಾನೂ ನಕ್ಕಿರಬೇಕು, ಅದೇ ನನಗೆ ಈಗ ಸಿಟ್ಟು ತರಿಸುವುದು. ಹೋಗೋ ಹುಡುಗಿ ಎಂಬುದು ಆ ಮನೆಯಲ್ಲಿ ನನಗಿದ್ದ ಇನ್ನೊಂದು ಹೆಸರು. ಎಮ್ಮೆ ನನಗೆ ಹೊಂದಿಕೊಂಡರೆ, ಹೋಗೋ ಹುಡುಗಿಯ ಕೈಗೆ ರೂಢಿ ಮಾಡಿಸಬೇಡಿ, ನಾಳೆ ಹಾಲು ಬಿಡುವುದಿಲ್ಲ ಎನ್ನುತ್ತಿದ್ದರು. ರೇಶನ್ ಕಾರ್ಡು ಹೊಸದು ಮಾಡಿಸುವಾಗ ನನ್ನ ಹೆಸರು ಬರೆಸಬೇಕೋ ಬೇಡವೋ ಎಂದು ಅಪ್ಪ ಅರ್ಧ ದಿನ ಯೋಚಿಸಿದ. ಹೇಗೂ ತೆಗೆಸುವುದಿದೆ, ಎರಡು ಸಲ ಕಚೇರಿಗೆ ಯಾಕೆ ಅಲೆಯಬೇಕು ಎಂಬುದು ಅವನ ವಿಚಾರ. ಉಂಡು ಉಟ್ಟು, ಆ ಮನೆಯ ಅರ್ಧ ಕೆಲಸ ಮಾಡಿಕೊಂಡು ಅಲ್ಲೇ ಇದ್ದವಳನ್ನು ಅವರೆಲ್ಲ ಬಸ್ ಸ್ಟ್ಯಾಂಡಿನಲ್ಲಿ ಕುಳಿತವಳಂತೆ ನೋಡುತ್ತಿದ್ದರು.

ಹೋಗಲಿಕ್ಕೆ ಬಸ್ಸೇನೋ ಬರುತ್ತಿತ್ತು, ನನ್ನನ್ನು ಹತ್ತಿಸಿಕೊಳ್ಳುತ್ತಿರಲಿಲ್ಲ. ನಾನು ಎತ್ತರದ ಹೆಣ್ಣು, ಅಪ್ಪನಿಗಿಂತ ಎರಡು ಬೆರಳು ಹೆಚ್ಚು. ಕನ್ಯಾ ನೋಡಲು ಬಂದವರು ಅವಲಕ್ಕಿ ತಿಂದು, ಚಹಾ ಕುಡಿದು, ನನ್ನನ್ನು ಎದ್ದು ನಿಲ್ಲಿಸಿ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಕಾಗವಾಡದ ಕಡೆಯ ಒಬ್ಬ ವರ ದಪ್ಪ ತಳದ ಬೂಟು ಹಾಕಿಕೊಂಡು ಬಂದಿದ್ದ. ಬಾಗಿಲಲ್ಲಿ ಬೂಟು ಬಿಚ್ಚಿದ ಕೂಡಲೇ ಮೂರು ಬೆರಳು ಇಳಿದ. ಅವನ ಸೋದರತ್ತೆ ನನ್ನನ್ನು ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ, ಹುಡುಗಿ ಚಲೋ ಇದ್ದಾಳೆ, ನಮ್ಮ ಮನೆಯ ಬಾಗಿಲು ಗಿಡ್ಡದಾಯಿತು ಎಂದು ಹೇಳಿ ಎದ್ದಳು. ಅವರ ಬಾಗಿಲಿಗೂ ತಪ್ಪಿಲ್ಲ, ವರನಿಗೂ ತಪ್ಪಿಲ್ಲ. ತಪ್ಪು ನನ್ನ ಮೊಣಕಾಲಿನದು.

ಆ ನಡುವೆ ನಾನು ವ್ಯಾಪಾರಕ್ಕೆ ಇಳಿದಿದ್ದೆ. ಯಾರೂ ಕಲಿಸಿದ್ದಲ್ಲ. ನಿಪ್ಪಾಣಿಯ ಮಾರ್ಕೆಟ್ಟಿನಿಂದ ಒಂದು ಚೀಲ ಪರಕರ, ಜಂಪರ್ ಪೀಸು ತಂದು ಓಣಿಯ ಹೆಂಗಸರಿಗೆ ಮಾರಿದೆ. ಆಮೇಲೆ ಇಚಲಕರಂಜಿಗೇ ಹೋಗತೊಡಗಿದೆ. ಅಲ್ಲಿಯ ದೊಡ್ಡ ವ್ಯಾಪಾರಿಗಳು "ತಾಈ, ಪರವಡತ ನಾಹೀ" ಎನ್ನುತ್ತಾರೆ, ಅಂದರೆ ಗಿಟ್ಟುವುದಿಲ್ಲ ಎಂದು. ಹಾಗೆಂದು ಹೇಳುತ್ತಲೇ ಬಟ್ಟೆಯನ್ನು ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ, ಅದನ್ನು ಗಮನಿಸಬೇಕು. ನಾನು ಅಲ್ಲಿ ಮೊದಲ ತಿಂಗಳೇ ಕಲಿತ ಪಾಠವೆಂದರೆ, ನಿನಗೆ ಆ ವಸ್ತು ಯಾಕೆ ಬೇಕು ಎಂದು ಮಾರುವವನಿಗೆ ಹೇಳಬಾರದು. ಮನೆಯಲ್ಲಿ ನಾಳೆ ಮದುವೆ ಇದೆ ಎಂದೆಯೋ, ಮುಗಿಯಿತು. ಬೇಕು, ಇಷ್ಟಕ್ಕೆ ಬೇಕು, ಇಲ್ಲದಿದ್ದರೆ ಏಳುತ್ತೇನೆ. ಇಷ್ಟೇ. ಅಂಗಡಿಯಲ್ಲಿ ಒಂದು ತಿಂಗಳಲ್ಲಿ ಕಲಿತದ್ದನ್ನು ಮನೆಯಲ್ಲಿ ಏಳು ವರ್ಷ ಮರೆತೇಬಿಟ್ಟೆ.

ತಮ್ಮನಿಗೆ ಇಪ್ಪತ್ತೊಂದಕ್ಕೇ ಮದುವೆ ಮಾಡಿದರು. ಅಕ್ಕ ಕುಳಿತಿರುವಾಗ ತಮ್ಮನದೇ ಎಂದು ಕೆಲವರು ಆಡಿಕೊಂಡರು. ಕುಳಿತಿರುವಾಗ ಎಂಬುದು ಅವರ ಮಾತು. ನಾನು ಆ ದಿನಗಳಲ್ಲಿ ವಾರಕ್ಕೆ ಮೂರು ದಿನ ಗಂಟು ಹೊತ್ತುಕೊಂಡು ಬಸ್ಸಿನಲ್ಲಿ ನಿಂತೇ ಇರುತ್ತಿದ್ದೆ. ಮದುವೆಯ ಹಿಂದಿನ ವಾರ ನಾನು ಮಲಗುತ್ತಿದ್ದ ಕೋಣೆಗೆ ಸುಣ್ಣ ಬಳಿದರು. ನನ್ನ ಟ್ರಂಕು, ಹೊಲಿಗೆ ಮಶಿನ್ನು, ಬಟ್ಟೆಯ ಗಂಟುಗಳು ಪಡಸಾಲೆಗೆ ಬಂದವು. ಯಾರೂ ನನ್ನನ್ನು ಒಂದು ಮಾತು ಕೇಳಲಿಲ್ಲ. ಇಂಥದಕ್ಕೆ ಕೇಳಬೇಕು ಎಂದು ಅವರಿಗೆ ಹೊಳೆಯಲೇ ಇಲ್ಲ. ಪಡಸಾಲೆಯಲ್ಲಿ ಯಾರಾದರೂ ಬಂದರೆ ನಾನು ಏಳಬೇಕು, ಅವರು ಹೋದ ಮೇಲೆ ಮತ್ತೆ ಹಾಸಿಕೊಳ್ಳಬೇಕು.

ಆಗಲೇ ನಾನು ಮೊದಲ ಸಲ ಹೇಳಿದ್ದು. ಚಿಕ್ಕೋಡಿಯಲ್ಲಿ ಮುಂದೆ ಅಂಗಡಿ, ಹಿಂದೆ ಒಂದು ಖೋಲಿ ಇರುವ ಜಾಗ ನೋಡಿದ್ದೇನೆ, ಅಲ್ಲಿಗೆ ಹೋಗಿ ಇರುತ್ತೇನೆ. ಮನೆಯವರಿಗೆಲ್ಲ ಸಿಡಿಲು ಬಡಿದಂತಾಯಿತು. ಹುಟ್ಟಿದಂದಿನಿಂದ ಹೋಗೋ ಹುಡುಗಿ ಎಂದು ಕರೆದವರು, ಹೋಗುತ್ತೇನೆ ಎಂದರೆ ಎಲ್ಲಿಗೆ ಎಂದು ಕೇಳಿದರು. ಚಿಕ್ಕೋಡಿಗೆ ಎಂದೆ. ಚಿಕ್ಕೋಡಿಯಲ್ಲಿ ಯಾರ ಮನೆಗೆ ಎಂದರು. ನನ್ನ ಮನೆಗೆ ಎಂದೆ. ಅವ್ವ ನಾನು ಏನೋ ಹೊಲಸು ಮಾತು ಆಡಿದವಳಂತೆ ಸೆರಗು ಬಾಯಿಗೆ ಹಿಡಿದಳು.

ಹೇಳದೆ ಕೇಳದೆ ಹೊರಟುಬಿಡಬಹುದಿತ್ತಲ್ಲ ಎನ್ನುವ ಹುಡುಗಿಯರಿದ್ದಾರೆ. ಹಾಗೆ ಹೊರಡಲು ಆಗುತ್ತಿರಲಿಲ್ಲ. ಚಿಕ್ಕೋಡಿಯಲ್ಲಿ ಆ ಏಳು ವರ್ಷಗಳಲ್ಲಿ ನಾನು ಮೂರು ಜಾಗ ನೋಡಿದೆ, ಮೂರು ಜನ ಮಾಲೀಕರೂ ಒಂದೇ ಮಾತು ಹೇಳಿದರು: ನಿಮ್ಮ ತಂದೆಯನ್ನು ಕರೆದುಕೊಂಡು ಬನ್ನಿ, ಅವರು ಒಂದು ಮಾತು ಹೇಳಲಿ. ನನ್ನ ಕೈಯಲ್ಲಿ ಡಿಪಾಜಿಟ್ ಇತ್ತು, ಅದನ್ನು ಯಾರೂ ನೋಡಲಿಲ್ಲ. ಒಂಟಿ ಹೆಣ್ಣು, ಮನೆಯವರಿಗೆ ಗೊತ್ತಿದೆಯೋ ಇಲ್ಲವೋ, ನಾಳೆ ಬಾಗಿಲಿಗೆ ಬಂದು ಜಗಳ ತೆಗೆದರೆ? ಇನ್ನು ನನ್ನ ಗಿರಾಕಿಗಳು ಹೆಂಗಸರು. ಮನೆಯ ಒಳಗೆ ಕರೆದು, ಅತ್ತೆಗೆ ಗೊತ್ತಾಗದಂತೆ ಸೀರೆ ಕೊಳ್ಳುವವರು. ಓಡಿಬಂದವಳು ಎಂಬ ಒಂದು ಮಾತು ಹುಟ್ಟಿದರೆ ಅವರ ಬಾಗಿಲು ನನಗೆ ತೆರೆಯುವುದಿಲ್ಲ. ಹಾಗಾಗಿ ನನಗೆ ಹೋಗುವುದಷ್ಟೇ ಬೇಕಾಗಿರಲಿಲ್ಲ. ಹಗಲು ಹೊತ್ತಿನಲ್ಲಿ, ಓಣಿಯವರ ಎದುರಿಗೆ, ಮನೆಯವರು ಕಳಿಸಿಕೊಟ್ಟು ಹೋಗುವುದು ಬೇಕಾಗಿತ್ತು. ಆ ಒಂದು ಸರಕು ಅಪ್ಪನ ಹತ್ತಿರ ಮಾತ್ರ ಇತ್ತು, ಅವನು ಅದನ್ನು ಗಟ್ಟಿಯಾಗಿ ಹಿಡಿದು ಕುಳಿತಿದ್ದ.

ನಾನು ಮಾಡಿದ ತಪ್ಪು ಇಲ್ಲಿದೆ. ನಾನು ಕಾರಣ ಕೊಟ್ಟೆ. ಪಡಸಾಲೆಯಲ್ಲಿ ಗಂಟಿಗೆ ಮಳೆಯ ಎರಚಲು ಬಡಿಯುತ್ತದೆ ಎಂದೆ. ಅಪ್ಪ ಮರುದಿನವೇ ಎರಡು ತಗಡು ತಂದು ಹೊಡೆಸಿದ. ಕಾರಣ ಹೋಯಿತು. ಸಂಜೆಯ ಬಸ್ಸು ತಪ್ಪಿದರೆ ತೊಂದರೆ ಎಂದೆ. ತಮ್ಮನೇ ಗಾಡಿ ತೆಗೆದುಕೊಂಡು ಬಂದು ಕರೆದೊಯ್ಯುತ್ತಾನೆ ಎಂದರು. ನಾಲ್ಕು ದಿನ ಬಂದ, ಐದನೆಯ ದಿನ ಬರಲಿಲ್ಲ, ಆದರೆ ಕಾರಣ ಮಾತ್ರ ತಿರುಗಿ ನನ್ನ ಕೈಗೆ ಸಿಗಲಿಲ್ಲ. ಅವರ ಕಡೆಯ ಕಾರಣಗಳಿಗೆ ತಗಡೂ ಇರಲಿಲ್ಲ, ಗಾಡಿಯೂ ಇರಲಿಲ್ಲ. ಈಗ ಆಷಾಢ. ಈಗ ಕಬ್ಬು ಕಡಿಯುವ ಗ್ಯಾಂಗ್ ಬರುವುದಿದೆ, ಹೊಲಕ್ಕೆ ಬುತ್ತಿ ಯಾರು ಒಯ್ಯಬೇಕು. ಚಿಂಚಲಿ ಮಾಯಕ್ಕನ ಜಾತ್ರೆಗೆ ಬೀಗರು ಬರುತ್ತಾರೆ, ಅದು ಮುಗಿಯಲಿ. ಸೊಸೆಯ ಎರಡನೆಯ ಬಾಣಂತನ ಇಲ್ಲೇ ಆಗಬೇಕು. ಒಂದು ಮುಗಿದರೆ ಇನ್ನೊಂದು. ನೋಡಿದ ಮೊದಲ ಜಾಗದಲ್ಲಿ ಮೊಬೈಲ್ ರಿಚಾರ್ಜಿನವನು ಬಂದು ಕುಳಿತ, ಎರಡನೆಯದರಲ್ಲಿ ಝೆರಾಕ್ಸ್ ಮಶಿನ್ ಬಂತು. ಬಸ್ಸಿನ ಕಿಟಕಿಯಿಂದ ಅವುಗಳನ್ನು ನೋಡಿ ನೋಡಿ ಹಲ್ಲು ಕಡಿಯುತ್ತಿದ್ದೆ.

ಆ ನಡುವೆಯೇ ತಮ್ಮ ಬೇರೆಯಾದ. ಅವನ ಹೆಂಡತಿಗೂ ಅವ್ವನಿಗೂ ಕೂಡಿಬರಲಿಲ್ಲ. ಅವಳು ಒಂದು ರವಿವಾರ ಬೇರೆ ಒಲೆ ಹೂಡುತ್ತೇವೆ ಎಂದಳು. ಅಷ್ಟೇ, ಅಪ್ಪ ಓಣಿಯ ಇಬ್ಬರು ಹಿರಿಯರನ್ನು ಕರೆದ, ಚಹಾ ಆಯಿತು, ಎರಡು ಕೋಣೆ ಅವರಿಗೆ ಎಂದಾಯಿತು, ಅವ್ವ ತನ್ನ ಕೈಯಾರೆ ಹಿಟ್ಟಿನ ಡಬ್ಬಿ, ಎರಡು ಪಾತೆಲಿ, ಮಣೆ ಎತ್ತಿಕೊಂಡು ಹೋಗಿ ಅವರ ಅಡುಗೆಮನೆಯಲ್ಲಿ ಇಟ್ಟು, ಗ್ಯಾಸ್ ಹಚ್ಚಿ, ಹಾಲು ಉಕ್ಕಿಸಿ ಬಂದಳು. ಮುಂಜಾನೆ ಹೇಳಿದ ಮಾತು ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗಿಯಿತು. ಅವರಿಗೆ ಆಷಾಢ ಅಡ್ಡ ಬರಲಿಲ್ಲ. ನಾನು ಪಡಸಾಲೆಯಲ್ಲಿ ಕುಳಿತು ಪರಕರಕ್ಕೆ ಲಾಡಿ ಪೋಣಿಸುತ್ತಿದ್ದೆ. ಆ ದಿನ ಎಷ್ಟು ಲಾಡಿ ತಿರುವುಮುರುವಾಗಿ ಪೋಣಿಸಿದೆನೋ, ಎಲ್ಲವನ್ನೂ ಮರುದಿನ ಬಿಚ್ಚಬೇಕಾಯಿತು. ಗಂಡುಮಗ ಅದೇ ಮನೆಯೊಳಗೆ ನಾಲ್ಕು ಹೆಜ್ಜೆ ಆಚೆ ಹೋಗುವುದಕ್ಕೆ ಇಷ್ಟು ಶಾಸ್ತ್ರ ಇದೆ. ಹೆಣ್ಣುಮಗಳು ತನ್ನ ದುಡಿಮೆಯ ಮೇಲೆ ಒಂದು ಖೋಲಿ ಮಾಡಿಕೊಂಡು ಹೋಗುವುದಕ್ಕೆ ನಮ್ಮಲ್ಲಿ ಒಂದು ಶಾಸ್ತ್ರವೂ ಇಲ್ಲ. ಶಾಸ್ತ್ರ ಇಲ್ಲದ್ದನ್ನು ಮಾಡುವುದು ಹೇಗೆಂದು ನಮ್ಮವರಿಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ತಪ್ಪು ಎನ್ನುತ್ತಾರೆ.

ಮೂರನೆಯ ಜಾಗ ನಿವೃತ್ತ ಮಾಸ್ತರೊಬ್ಬರದು. ರಸ್ತೆಯ ಕಡೆ ಶಟರ್ ಇರುವ ಅಂಗಡಿ, ಹಿಂದೆ ಖೋಲಿ, ಹಿತ್ತಲಲ್ಲಿ ನಳ. ಮಾಸ್ತರು ಮತ್ತು ಅವರ ಹೆಂಡತಿ ಪಕ್ಕದ ಭಾಗದಲ್ಲೇ ಇದ್ದರು. ಮಾಸ್ತರು ಒಳ್ಳೆಯವರು, ಆದರೆ ತಂದೆ ಬರಬೇಕು ಎಂಬ ಮಾತಿನಿಂದ ಒಂದು ಇಂಚು ಆಚೀಚೆ ಆಗಲಿಲ್ಲ. ನಾನು ಯಾವ ಮಾತಿಗೂ ಸೋತು ಎದ್ದವಳಲ್ಲ, ಅಲ್ಲಿ ಮಾತ್ರ ಸೋತು ಎದ್ದೆ.

ಅದೇ ತಿಂಗಳು ನಮ್ಮ ಸೋದರಮಾವ ಮಂಗಸೂಳಿಗೆ ಹೋಗಿ, ಹಣೆತುಂಬ ಮಲ್ಲಯ್ಯನ ಭಂಡಾರದ ಅರಿಷಿಣ ಹಚ್ಚಿಕೊಂಡು ನೇರ ನಮ್ಮ ಮನೆಗೆ ಬಂದ. ಅಥಣಿಯ ಕಡೆ ಒಂದು ವರ ಇದೆಯಂತೆ. ಹೆಂಡತಿ ತೀರಿಕೊಂಡು ವರ್ಷವಾಗಿದೆ, ಎರಡು ಮಕ್ಕಳು, ದ್ರಾಕ್ಷಿ ತೋಟ. ಎತ್ತರ ಏನೂ ನೋಡುವುದಿಲ್ಲವಂತೆ. ನನಗೆ ಆಗ ಮೂವತ್ತೆರಡು. ಅವನು ಹೇಳುವಾಗ ಅವ್ವ ದೇವರ ಕಪಾಟಿನ ಕಡೆ ತಿರುಗಿ ಕೈ ಮುಗಿದಳು.

"ಮನಿ ಬಿಟ್ಟ ಹೋಗಬೇಕು ಅಂತೀದಿಯಂತಲ್ಲ," ಎಂದ ಮಾವ. "ಹೋಗು ಮತ್ತ. ಹೋಗಾಕ ಹಾದಿ ತಂದೇನಿ."

"ಅಲ್ಲಿ ನಂಗೊಂದ ಕಪಾಟ ಐತೇನ ಮಾವಾ?" ಎಂದೆ. ಅವನಿಗೆ ತಿಳಿಯಲಿಲ್ಲ. ಅಪ್ಪನಿಗೆ ತಿಳಿಯಿತು, ಅವನು ತಲೆ ತಗ್ಗಿಸಿದ.

ನಾನು ಮಾವನನ್ನು ಬಿಟ್ಟು ಅಪ್ಪನನ್ನೇ ಕೇಳಿದೆ. ಅಥಣಿ ಇಲ್ಲಿಂದ ದೂರ, ಚಿಕ್ಕೋಡಿ ಹತ್ತಿರ. ಅಲ್ಲಿ ಗೊತ್ತಿಲ್ಲದವರ ಮಕ್ಕಳು, ಗೊತ್ತಿಲ್ಲದ ತೋಟ. ಇಲ್ಲಿ ನನ್ನ ಗಿರಾಕಿಗಳು, ನನ್ನ ಕೆಲಸ. ಅಲ್ಲಿಗೆ ನಾಳೆಯೇ ಕಳಿಸಲು ತಯಾರಿರುವ ನೀನು ಇಲ್ಲಿಗೆ ಯಾಕೆ ಕಳಿಸುವುದಿಲ್ಲ? ಎರಡೂ ಹೋಗುವುದೇ ಅಲ್ಲವೇ?

ಅಪ್ಪ ಆಗ ಹೇಳಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

"ಅಲ್ಲಿಗೆ ಹೋದ್ರ ನಾ ಕಳಿಸಿದಂಗ ತಂಗಿ. ಚಿಕ್ಕೋಡಿಗೆ ಹೋದ್ರ ನೀ ಹೋದಂಗ. ನಾಳೆ ಯಾರರೇ ಮಗಳ ಎಲ್ಲಿ ಅದಾಳೋ ಅಂತ ಕೇಳಿದ್ರ ನಾ ಏನ್ ಹೇಳ್ಲಿ?"

ಏಳು ವರ್ಷ. ಆಷಾಢ, ಗ್ಯಾಂಗ್, ಜಾತ್ರೆ, ಬಾಣಂತನ ಎಲ್ಲ ಇಷ್ಟಕ್ಕೆ. ಚಹಾದ ಅಂಗಡಿಯ ಬೆಂಚಿನ ಮೇಲೆ ಯಾರೋ ಒಬ್ಬ ಬಾಯಿಚಪಲಕ್ಕೆ ಕೇಳುವ ಪ್ರಶ್ನೆಗೆ ಅಪ್ಪನ ಹತ್ತಿರ ಉತ್ತರ ಇರಲಿಲ್ಲ. ಆ ಉತ್ತರ ಹುಟ್ಟುವವರೆಗೆ ನಾನು ಪಡಸಾಲೆಯಲ್ಲಿ ಹಾಸಿಗೆ ಬಿಚ್ಚುತ್ತ ಸುತ್ತುತ್ತ ಇರಬೇಕು. ಆದರೆ ಸಿಟ್ಟಿನ ಒಳಗೇ ಒಂದು ಸಂಗತಿ ಸ್ಪಷ್ಟವಾಯಿತು. ಎದುರಿನ ವ್ಯಾಪಾರಿಗೆ ನಿಜವಾಗಿ ಬೇಕಾದದ್ದು ಏನು ಎಂದು ಒಮ್ಮೆ ಕಂಡುಬಿಟ್ಟರೆ ಆಮೇಲೆ ಅವನ ಉಳಿದ ಮಾತುಗಳಿಗೆ ಬೆಲೆ ಇರುವುದಿಲ್ಲ. ಅಪ್ಪನಿಗೆ ನಾನು ಇರುವುದೂ ಬೇಕಾಗಿರಲಿಲ್ಲ, ಹೋಗುವುದೂ ಬೇಡವಾಗಿರಲಿಲ್ಲ. ಕಳಿಸಿದವನು ತಾನು ಎಂಬುದು ಬೇಕಾಗಿತ್ತು.

"ಬರೂ ಸೋಮವಾರ ಮುಂಜಾನೆ ಎಂಟಕ್ಕ ಟೆಂಪೋ ಬರತೈತಿ," ಎಂದೆ. "ನಾ ಚಿಕ್ಕೋಡಿಗೆ ಹೊಂಟೇನಿ."

ಯಾಕೆ ಸೋಮವಾರ ಎಂದು ಅಪ್ಪ ಕೇಳಿದ. ನಾನು ಹೇಳಲಿಲ್ಲ. ಯಾಕೆ ಇಷ್ಟು ಅವಸರ ಎಂದು ಮಾವ ಕೇಳಿದ. ಹೇಳಲಿಲ್ಲ. ನಾವು ನಿನಗೇನು ಕಡಿಮೆ ಮಾಡಿದ್ದೇವೆ ಎಂದು ಅವ್ವ ಐದು ದಿನ ಕೇಳಿದಳು, ರೊಟ್ಟಿ ಬಡಿಯುತ್ತ, ಕಸ ಗುಡಿಸುತ್ತ, ಎಮ್ಮೆಯ ಮುಂದೆ ನಿಂತು. ಉತ್ತರ ನನ್ನ ನಾಲಿಗೆಯ ತುದಿಗೆ ಬಂದು ನಿಂತಿರುತ್ತಿತ್ತು. ನುಂಗಿದೆ. ಇದನ್ನೇ ನಾನು ಹುಡುಗಿಯರಿಗೆ ಹೇಳುವುದು: ಹೋಗಲೇ ಎಂದು ಕೇಳಬೇಡ, ಯಾವ ದಿನ ಎಂದು ಹೇಳು, ಮತ್ತು ಬಾಯಿ ಮುಚ್ಚು. ಹೇಳುವುದು ಸುಲಭ. ಆ ಐದು ದಿನ ಬಾಯಿ ಮುಚ್ಚಿಕೊಂಡಿದ್ದಷ್ಟು ಕಷ್ಟದ ಕೆಲಸವನ್ನು ನಾನು ಇನ್ನೊಂದು ಮಾಡಿಲ್ಲ.

ಮಾಸ್ತರಿಗೆ ಫೋನ್ ಮಾಡಿ, ಸೋಮವಾರ ಅಪ್ಪನನ್ನು ಕರೆದುಕೊಂಡೇ ಬರುತ್ತೇನೆ ಎಂದು ಹೇಳಿದೆ. ಅದು ಸುಳ್ಳೋ ಆಸೆಯೋ, ಆಗ ನನಗೇ ಗೊತ್ತಿರಲಿಲ್ಲ.

ಸೋಮವಾರ ಆರು ಗಂಟೆಗೆ ಅಪ್ಪ ಸೈಕಲ್ ಹತ್ತಿ ಹೊಲಕ್ಕೆ ಹೋದ. ಕಬ್ಬು ಕಡಿದು ಎಂಟು ದಿನವಾಗಿತ್ತು, ಹೊಲದಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲ. ಹೋಗುವಾಗ ನನ್ನ ಕಡೆ ನೋಡಲಿಲ್ಲ, ನಾನೂ ಕರೆಯಲಿಲ್ಲ. ಎಂಟಕ್ಕೆ ಟೆಂಪೋ ಬಂತು. ತಮ್ಮನೇ ಟ್ರಂಕು, ಮಶಿನ್ನು, ಗಂಟುಗಳನ್ನು ಏರಿಸಿದ. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಕಟ್ಟೆಗೆ ಬಂದು ಕುಳಿತರು. ಬೇರೆ ದಿನ ಅವರೆಲ್ಲ ನನ್ನ ಗಿರಾಕಿಗಳು, ಅಂದು ಸಾಕ್ಷಿಗಳು. ಹೆಣ್ಣುಮಗಳು ತವರಿನಿಂದ ಹೊರಡುವಾಗ ತಾಯಿ ಉಡಿ ತುಂಬಿ ಕಳಿಸಬೇಕು. ಉಡಿ ಇಲ್ಲದೆ ಹೊಸ್ತಿಲು ದಾಟಿದರೆ ಜಗಳ ಮಾಡಿಕೊಂಡು ಹೋದಳು ಎಂದೇ ಅರ್ಥ. ಅವರು ನೋಡಲು ಕುಳಿತಿದ್ದು ಅದನ್ನೇ. ಅವ್ವ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ಕುಳಿತು ಮೆಂತ್ಯಪಲ್ಲೆ ಸೋಸುತ್ತಿದ್ದಳು. ಅಷ್ಟು ಮೆಂತ್ಯ ನಾಲ್ಕು ದಿನಕ್ಕಾದರೂ ಆಗುತ್ತಿತ್ತು.

ನಾನು ಹೊಸ್ತಿಲ ಹತ್ತಿರ ನಿಂತೆ. ಕೇಳಬಾರದು ಎಂದು ಗಟ್ಟಿ ಮಾಡಿಕೊಂಡಿದ್ದೆ. ಆಗ ತಮ್ಮನ ಹೆಂಡತಿ, ನನ್ನ ಕೋಣೆ ತೆಗೆದುಕೊಂಡವಳು, ನಾನು ಏಳು ವರ್ಷ ಮನಸ್ಸಿನಲ್ಲೇ ಬೈದವಳು, ತನ್ನ ಅಡುಗೆಮನೆಯಿಂದ ತಾಟು ಹಿಡಿದುಕೊಂಡು ಬಂದಳು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಬೇರು, ಎಲೆ ಅಡಿಕೆ, ನನ್ನಿಂದಲೇ ಕೊಂಡ ಒಂದು ಜಂಪರ್ ಪೀಸು.

"ಅತ್ತೀ, ನೀವ ತುಂಬತೀರೋ, ನಾ ತುಂಬಲೋ? ಟೆಂಪೋದಾಂವ ಗಾಡಿ ಚಾಲೂ ಮಾಡ್ಯಾನ."

"ಯಾವ ಗಂಡನ ಮನಿಗೆ ಹೊಂಟಾಳಂತ ತುಂಬ್ಲಿ?" ಎಂದಳು ಅವ್ವ, ತಿರುಗದೆ.

"ಮನಿಗಂತೂ ಹೊಂಟಾರಲ್ರಿ."

ಅವ್ವ ಕೈಯಲ್ಲಿದ್ದ ಮೆಂತ್ಯದ ಕಟ್ಟನ್ನು ಕೆಳಗಿಟ್ಟಳು. ಎದ್ದು ಬಂದಳು. ಸೊಸೆಯ ಕೈಯಿಂದ ತಾಟನ್ನು ಕಸಿದುಕೊಂಡಳು, ಸಿಟ್ಟಿನಿಂದಲೇ. ನಾನು ಸೆರಗು ಒಡ್ಡಿದೆ. ಐದು ಸಲ ಬೊಗಸೆ ತುಂಬಿ ಹಾಕಿದಳು. ನನ್ನ ಮುಖ ನೋಡಲಿಲ್ಲ. ಕುಂಕುಮ ಹಚ್ಚುವಾಗ ಅವಳ ಬೆರಳು ಹಣೆ ತಪ್ಪಿ ಹುಬ್ಬಿಗೆ ತಾಗಿತು, ಅವಳಿಗೂ ನಾನು ಎತ್ತರ. "ಚೆಲ್ಲಬ್ಯಾಡ, ಗಟ್ಟಿ ಹಿಡಕೊ," ಎಂದಳು. ಅಷ್ಟೇ ಮಾತು.

ಟೆಂಪೋದ ಮುಂದಿನ ಸೀಟಿನಲ್ಲಿ ಸೆರಗಿನ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತು ಬಂದೆ. ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರುಗಳು, ಎರಡೆರಡು ಟ್ರೇಲರು. ಪ್ರತಿ ಕುಣಿಗೂ ಡ್ರೈವರನಿಗೆ ನಿಧಾನ ಎನ್ನುತ್ತಿದ್ದೆ. ಮಶಿನ್ನಿಗೆ ಏನಾಗುತ್ತದೋ ಎಂದು ನಾನು ಹೇಳುತ್ತಿದ್ದೇನೆಂದು ಅವನು ತಿಳಿದಿದ್ದ.

ಮಾಸ್ತರು ಗೇಟಿನಲ್ಲೇ ನಿಂತಿದ್ದರು, ಕೈಯಲ್ಲಿ ಕೀಲಿಕೈ. ಟೆಂಪೋದ ಒಳಗೆ ಇಣುಕಿ ನೋಡಿ, ತಂದೆಯವರು ಎಲ್ಲಿ ಎಂದರು. ಹೊಲಕ್ಕೆ ಹೋಗಿದ್ದಾರೆ ಎಂದೆ. ಕೀಲಿಕೈ ಅವರ ಜುಬ್ಬಾದ ಕಿಸೆಗೆ ಹೋಯಿತು. ನಾನು ಮೊದಲೇ ಹೇಳಿದ್ದೆನಲ್ಲ ತಾಯಿ, ಎಂದು ಮೆಲ್ಲಗೆ ಆರಂಭಿಸಿದರು. ಸಾಮಾನು ತುಂಬಿದ ಗಾಡಿ ರಸ್ತೆಯಲ್ಲಿ, ಹಿಂದಿನಿಂದ ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದಾನೆ, ಎದುರಿನ ಹೋಟೆಲಿನ ಜನ ಎದ್ದು ನಿಂತು ನೋಡುತ್ತಿದ್ದಾರೆ. ನಾನು ವಾಪಸು ಹೋಗಬೇಕಾದರೆ ಅದೇ ಓಣಿ, ಅದೇ ಕಟ್ಟೆ, ಅದೇ ಹೆಂಗಸರು. ಸೆರಗಿನ ಗಂಟನ್ನು ಹಿಡಿದುಕೊಂಡೇ ಗಾಡಿಯಿಂದ ಇಳಿದೆ.

ಗದ್ದಲ ಕೇಳಿ ಮಾಸ್ತರ ಹೆಂಡತಿ ಹೊರಗೆ ಬಂದರು. ಅವರು ನನ್ನ ಮುಖ ನೋಡಲಿಲ್ಲ, ಸೆರಗಿನ ಗಂಟು ನೋಡಿದರು.

"ಯಾರ ತುಂಬಿದ್ರು?"

"ಅವ್ವ ರೀ."

ಅವರು ಬಂದು ಗಂಟಿನ ಬಾಯಿ ಸ್ವಲ್ಪ ಸಡಿಲಿಸಿ ನೋಡಿದರು. ಅಕ್ಕಿ, ಅರಿಷಿಣ ಬೇರು, ಜಂಪರ್ ಪೀಸು. ಮತ್ತೆ ಗಂಟು ಹಾಕಿ ಗಂಡನ ಕಡೆ ತಿರುಗಿದರು. "ತವರಾಗ ಉಡಿ ತುಂಬಿ ಕಳಿಸ್ಯಾರ. ಹೆಣ್ಮಗಳನ್ನ ಬೀದ್ಯಾಗ ನಿಂದರಸಬ್ಯಾಡ್ರಿ. ಕೀಲಿಕೈ ಕೊಡ್ರಿ."

ಮಾಸ್ತರು ಕೊಟ್ಟರು. ನನಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಸಾಮಾನು ಇಳಿಸುವಾಗ ಸಿಟ್ಟು ಮತ್ತೆ ಏರಿತು. ಎಂಟು ಹತ್ತು ವರ್ಷದ ನನ್ನ ವ್ಯಾಪಾರ, ಒಂದು ದಿನ ಯಾರಿಗೂ ಕೆಟ್ಟ ಬಟ್ಟೆ ಕೊಡದ ನನ್ನ ಹೆಸರು, ಕೈಯಲ್ಲಿ ಹಿಡಿದ ಡಿಪಾಜಿಟ್, ಇವು ಯಾವುದೂ ಆ ಗೇಟನ್ನು ತೆರೆಯಲಿಲ್ಲ. ಐದು ಬೊಗಸೆ ಅಕ್ಕಿ ತೆರೆಯಿತು. ಅದನ್ನೂ ಇನ್ನೊಬ್ಬಳ ಡಬ್ಬಿಯಿಂದ ತರಬೇಕಾಯಿತು. ಆ ಮಧ್ಯಾಹ್ನ ಅದೇ ಅಕ್ಕಿಯ ಅನ್ನ ಮಾಡಿ, ಸಾರಿಲ್ಲದೆ ಹಸಿಮೆಣಸಿನ ಚಟ್ನಿ ಹಾಕಿಕೊಂಡು ಉಂಡೆ. ಎರಡು ಸಲ ಹಾಕಿಕೊಂಡೆ. ಸಿಟ್ಟಿನಲ್ಲೂ ಹಸಿವೆ ಚೆನ್ನಾಗಿ ಆಗುತ್ತದೆ.

ಅಪ್ಪ ಬಂದದ್ದು ನಾಲ್ಕು ತಿಂಗಳ ಮೇಲೆ. ಒಂದು ಗುರುವಾರ, ಸಂತೆಯ ದಿನ, ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಿಳಿ ಟೋಪಿ ಹಾಕಿಕೊಂಡು ಶಟರಿನ ಕೆಳಗೆ ನಿಂತಿದ್ದ, ಒಳಗೆ ಬರಲೋ ಬೇಡವೋ ಎಂಬಂತೆ. ಮಾಸ್ತರು ಅವನನ್ನು ನೋಡಿ, ಯಾರೆಂದು ತಿಳಿದು, ಕುರ್ಚಿ ತರಿಸಿ ಕೂರಿಸಿದರು, ಚಹಾ ಹೇಳಿದರು. ನಾನು ಒಬ್ಬಾಕೆಗೆ ಲೈನಿಂಗ್ ಬಟ್ಟೆ ಕತ್ತರಿಸುತ್ತಿದ್ದೆ. ಮಗಳು ಬಹಳ ಹುಷಾರಿ ಇದ್ದಾಳೆ ಎಂದು ಮಾಸ್ತರು ಹೇಳಿದ್ದು ಕೇಳಿಸಿತು. ಅಪ್ಪ ಗಂಟಲು ಸರಿ ಮಾಡಿಕೊಂಡ.

"ನಾನ ಕಳಿಸೇನ್ರಿ ಆಕಿನ್ನ. ಎಷ್ಟ ದಿನಾಂತ ಹಳ್ಳ್ಯಾಗ ಇಟಗೊಳ್ಳೂದು? ಹೋಗು, ಅಂಗಡಿ ಹಾಕು, ನಾ ಅದೇನಿ ಅಂದೆ."

ಕತ್ತರಿ ನಿಂತಿತು. ಅಂಗಡಿಯ ತುಂಬ ಹೆಂಗಸರು, ಎಲ್ಲರೂ ಹೌದ್ರಿ, ಹೌದ್ರಿ, ತಂದೆ ಅಂದರೆ ಹೀಗಿರಬೇಕು ಎನ್ನುತ್ತಿದ್ದಾರೆ. ಮಾಸ್ತರ ಹೆಂಡತಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಅವರಿಗೆ ಗೊತ್ತಿತ್ತು. ಏಳು ವರ್ಷ ತಡೆದವನು ಈಗ ಅದನ್ನು ತನ್ನ ಹೆಸರಿಗೆ ಬರೆದುಕೊಳ್ಳುತ್ತಿದ್ದಾನೆ, ಅದೂ ನನ್ನ ಅಂಗಡಿಯಲ್ಲೇ ಕುಳಿತು, ಚಹಾ ಕುಡಿದು. ಗಿರಾಕಿಗಳ ಎದುರು ಅಪ್ಪನನ್ನು ಸಣ್ಣವನನ್ನಾಗಿ ಮಾಡಲು ಮನಸ್ಸು ಬರಲಿಲ್ಲ. ಬಟ್ಟೆ ಸೊಟ್ಟ ಕತ್ತರಿಸಿದ್ದೆ, ಅದನ್ನು ಪಕ್ಕಕ್ಕಿಟ್ಟು ಇನ್ನೊಂದು ತೆಗೆದೆ.

ಸಂಜೆ ಬಸ್ ಸ್ಟ್ಯಾಂಡಿಗೆ ಬಿಡಲು ಹೋದೆ. ರಾಯಬಾಗದ ಬಸ್ಸು ಇನ್ನೂ ಬಂದಿರಲಿಲ್ಲ.

"ನೀ ಕಳಿಸಲಿಲ್ಲಪ್ಪಾ. ನಾ ಬಂದೆ," ಎಂದೆ.

ಅಪ್ಪ ಟೋಪಿ ತೆಗೆದು ಒಮ್ಮೆ ಜಾಡಿಸಿ ಮತ್ತೆ ಹಾಕಿಕೊಂಡ. "ಗೊತ್ತೈತಿ ಬೇ. ನಂಗೂ ಊರಾಗ ಹೇಳಾಕೊಂದ ಮಾತ ಬೇಕಲ್ಲ."

"ಊರಾಗ ಹೇಳ್ಕೊ. ನನ್ನ ಅಂಗಡ್ಯಾಗ ಹೇಳಬ್ಯಾಡ."

ಅವನು ಯೋಚಿಸಿದ. "ರಾಯಬಾಗದಾಗ?"

"ಹೇಳ್ಕೊ."

"ಚಿಂಚಲ್ಯಾಗ?"

"ಚಿಂಚಲ್ಯಾಗ ನನ್ನ ಗಿರಾಕಿ ಅದಾರ. ಅಲ್ಲಿ ಬ್ಯಾಡ."

"ಬೀಗರ ಮುಂದರೇ ಹೇಳ್ಲೋ ಬ್ಯಾಡೋ?"

ಬಸ್ಸು ಬಂದು ನಿಂತಿತ್ತು, ಜನ ನುಗ್ಗುತ್ತಿದ್ದರು. ಹೇಳಿಕೋ ಎಂದೆ. ಅಪ್ಪ ಹತ್ತಿದ, ಕಿಟಕಿಯ ಪಕ್ಕ ಸೀಟು ಸಿಕ್ಕಿತು, ನನ್ನ ಕಡೆ ಕೈ ಎತ್ತಿದ. ಬಸ್ಸು ತಿರುಗಿ ಹೊರಗೆ ಹೋದ ಮೇಲೆ ನನಗೆ ಅನ್ನಿಸಿತು, ಅವಸರದಲ್ಲಿ ಬೀಗರನ್ನು ಬಿಟ್ಟುಕೊಡಬಾರದಿತ್ತು.